ದಂತವೈದ್ಯರ ಶಿಫಾರಸು ಪತ್ರ: ಯಾರಿಗೆ ಬೇಕು, ಹೇಗೆ ಸಿಗುತ್ತದೆ?

ಭಾರತದಲ್ಲಿ ಬಿಡಿಎಸ್ ಸೇರಲು ಶಿಫಾರಸು ಪತ್ರ ಬೇಕಿಲ್ಲ. ರಾಮದುರ್ಗದ ವಿದ್ಯಾರ್ಥಿಗೆ ಬೆಳಗಾವಿಯ ಕೆಎಲ್ಇ ಡೆಂಟಲ್ ಕಾಲೇಜಿನಲ್ಲಾಗಲಿ, ಧಾರವಾಡದ ಎಸ್‌ಡಿಎಂನಲ್ಲಾಗಲಿ ಸೀಟು ಸಿಗುವುದು ನೀಟ್ ಮತ್ತು ಕೌನ್ಸೆಲಿಂಗ್ ಮೂಲಕ.

ಪತ್ರ ಬೇಕಾಗುವುದು ಅಮೆರಿಕಕ್ಕೆ ಹೊರಟಾಗ. ಇಲ್ಲಿ ಬಿಡಿಎಸ್ ಮುಗಿಸಿದವರು ಅಲ್ಲಿ ವೃತ್ತಿ ನಡೆಸಲು ಸಾಮಾನ್ಯವಾಗಿ ಮತ್ತೆ 2ರಿಂದ 3 ವರ್ಷ ಓದುತ್ತಾರೆ. ಅಲ್ಲಿನ ಹೆಚ್ಚಿನ ಕಾಲೇಜುಗಳು ‘ಕಾಪಿಡ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಪಡೆಯುತ್ತವೆ. ಅಂಕಪಟ್ಟಿ, ಅಮೆರಿಕದ ದಂತವೈದ್ಯಕೀಯ ಪರೀಕ್ಷೆಯಾದ ಐಎನ್‌ಬಿಡಿಇಯ ಫಲಿತಾಂಶದ ಜೊತೆಗೆ ಶಿಫಾರಸು ಪತ್ರಗಳನ್ನೂ ಕೇಳುತ್ತವೆ.

ದಂತವೈದ್ಯರಿಂದ ಪತ್ರ ಪಡೆಯುವ ಒಂದು ದಾರಿ ಶಾಡೋಯಿಂಗ್. ಅಂದರೆ ವೈದ್ಯರ ಪಕ್ಕದಲ್ಲಿದ್ದು ಕೆಲಸ ನೋಡುವುದು. ಹಲ್ಲು ಕೀಳುವುದು, ರೂಟ್ ಕೆನಾಲ್, ರೋಗಿಯ ಭಯ ಕಳೆಯುವ ಮಾತು ಎಲ್ಲವೂ ಇದರಲ್ಲಿ ಬರುತ್ತವೆ. ಚಿಕಿತ್ಸೆಗೆ ಕೈ ಹಾಕುವಂತಿಲ್ಲ. ರೋಗಿಯ ಒಪ್ಪಿಗೆ ಬೇಕು. ಹೆಸರು, ಫೋಟೊ ಹೊರಗೆ ಹೋಗಬಾರದು.

ಮೊದಲು ಕ್ಲಿನಿಕ್‌ಗೆ ಪತ್ರ ಅಥವಾ ಇಮೇಲ್ ಮೂಲಕ ಅನುಮತಿ ಕೇಳಲಾಗುತ್ತದೆ. ಅನುಮತಿ ಸಿಕ್ಕ ಮೇಲೆ ದಿನಾಂಕ, ಗಂಟೆ, ನೋಡಿದ ಚಿಕಿತ್ಸೆ, ಕಲಿತದ್ದು ಇವನ್ನು ಡೈರಿಯಲ್ಲಿ ಬರೆದಿಡಬೇಕು. ಒಬ್ಬರೇ ವೈದ್ಯರ ಬಳಿ ಹಲವು ವಾರ ಕಳೆದರೆ ಅವರಿಗೆ ಅಭ್ಯರ್ಥಿಯ ಸ್ವಭಾವ, ಸಮಯಪಾಲನೆ, ಆಸಕ್ತಿ ತಿಳಿಯುತ್ತವೆ. ಅಂಥ ವಿವರವಿರುವ ಪತ್ರಕ್ಕೇ ತೂಕ, ಬರೀ ಹೊಗಳಿಕೆಗಲ್ಲ.

ಪತ್ರ ಕೇಳುವುದು ಕೊನೆಯ ದಿನಾಂಕಕ್ಕೆ ಒಂದೆರಡು ತಿಂಗಳು ಮುಂಚೆ. ಬಯೋಡೇಟಾ ಮತ್ತು ಡೈರಿಯ ಸಾರಾಂಶ ಕೊಟ್ಟರೆ ಬರೆಯುವವರಿಗೆ ಅನುಕೂಲ. ವೈದ್ಯರು ಪತ್ರವನ್ನು ಅಭ್ಯರ್ಥಿಯ ಕೈಗೆ ಕೊಡದೆ ನೇರವಾಗಿ ಆನ್‌ಲೈನ್‌ನಲ್ಲಿ ಸಲ್ಲಿಸುತ್ತಾರೆ.

ಎಷ್ಟು ಪತ್ರ, ಎಷ್ಟು ಗಂಟೆ, ಯಾವ ದೇಶದ ಅನುಭವ ಎಂಬ ನಿಯಮ ಕಾಲೇಜಿನಿಂದ ಕಾಲೇಜಿಗೆ ಬೇರೆ. ಅರ್ಜಿಗೆ ಮುನ್ನ ಆಯಾ ಕಾಲೇಜಿನ ಸೂಚನೆ ಓದುವುದು ಅಗತ್ಯ.