ನಿಮಗಿದು ಗೊತ್ತೇ? ಚಿತ್ರದುರ್ಗದ ಸೀಮೆಯ ಯುದ್ಧ ಬರೆದವರು

‘ದುರ್ಗಾಸ್ತಮಾನ’ ಬರೆದ ತ.ರಾ.ಸು. ಅವರ ಮನೆತನ ಚಳ್ಳಕೆರೆ ತಾಲ್ಲೂಕಿನ ತಳುಕಿನದು. ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಅವರು ತೀರಿಕೊಂಡಿದ್ದರು.

ದುರ್ಗದ ಬಗ್ಗೆ ಅವರೇ ಬರೆದ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಓದಿ ನೋಡಿ. ಹೊರಗಿನ ಹಗೆಗಿಂತ ದುರ್ಗದ್ದೇ ದಳವಾಯಿ ಮುದ್ದಣ್ಣನ ಒಳಸಂಚೇ ಭಯ ಹುಟ್ಟಿಸುತ್ತದೆ.

ಹೈದರ್ ಅಲಿ ದುರ್ಗಕ್ಕೆ ಹಾಕಿದ ಮುತ್ತಿಗೆಯನ್ನು ತ.ರಾ.ಸು.ಗಿಂತ ಎಷ್ಟೋ ಮೊದಲು ಬರೆದಿಟ್ಟವನು ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಕರ್ನಲ್ ಮಾರ್ಕ್ ವಿಲ್ಕ್ಸ್. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದವನು. ಮೂರು ಸಂಪುಟಗಳ ಅವನ ಮೈಸೂರು ಇತಿಹಾಸ 1810ರಿಂದ 1817ರೊಳಗೆ ಅಚ್ಚಾಯಿತು. ಅವನ ಪ್ರಕಾರ ದುರ್ಗದ ಬೇಡ ಪಡೆಯ ದಾಳಿಗೆ ಸೋಮವಾರವೇ ಗೊತ್ತು. ದೇವಿಗೆ ಪೂಜೆ ಮುಗಿದೊಡನೆ ಕೊಂಬು ಮೊಳಗುತ್ತಿತ್ತು. ದಾಳಿ ಬರುತ್ತದೆಂದು ಹೈದರನ ಪಾಳೆಯಕ್ಕೆ ತಿಳಿಯುತ್ತಿತ್ತು, ಯಾವ ದಿಕ್ಕಿನಿಂದ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ! ದಾಳಿಗಳಲ್ಲಿ ಕಡಿದು ತಂದ ಸುಮಾರು 2,000 ರುಂಡಗಳು ದೇವಿಯ ಮುಂದೆ ಸಾಲುಗಟ್ಟಿದ್ದವಂತೆ. ಲೆಕ್ಕ ಗೆದ್ದವರ ಕಡೆಯದು ಎಂಬುದು ನೆನಪಿರಲಿ.

1815ರಲ್ಲಿ ನೆಪೋಲಿಯನ್ ಸೇಂಟ್ ಹೆಲೆನಾಕ್ಕೆ ಸೆರೆಯಾಳಾಗಿ ಬಂದಿಳಿದಾಗ ಅಲ್ಲಿನ ಗವರ್ನರ್ ಇದೇ ವಿಲ್ಕ್ಸ್.

1779ರಲ್ಲಿ ಕೋಟೆ ಬಿದ್ದ ಮೇಲೆ ಹೈದರ್ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರಲ್ಲಿ ಹುಡುಗರನ್ನು ಆರಿಸಿ ‘ಚೇಲಾ’ ಎಂಬ ಪಟಾಲಂ ಕಟ್ಟಿದ.

ಹೈದರನ ಫಿರಂಗಿ ಎಳೆದದ್ದು ಅಮೃತಮಹಲ್ ತಳಿಯ ಎತ್ತುಗಳು. ಚಿದಂಬರದ ನೆರವಿಗೆ ಅವನು ಎರಡೂವರೆ ದಿನದಲ್ಲಿ 100 ಮೈಲಿ ನಡೆದನೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಆ ದನಗಳು ಮೇಯುವ ಕಾವಲುಗಳಲ್ಲಿ ಕೆಲವು ಚಳ್ಳಕೆರೆ ತಾಲ್ಲೂಕಿನಲ್ಲಿವೆ. ಅಲ್ಲಿ ಈಗ ಡಿಆರ್‌ಡಿಒ ವಿಮಾನ ಪರೀಕ್ಷಾ ವಲಯವಿದೆ. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನ, ಹೆಲಿಕಾಪ್ಟರಿನಿಂದ ಕಳಚಿಕೊಂಡು, ಅಲ್ಲಿನ ರನ್‌ವೇ ಮೇಲೆ ತಾನೇ ಇಳಿಯಿತು.

ದುರ್ಗದ ಸೀಮೆಯದೇ ಆದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು 1947ರಲ್ಲಿ ಅಗೆಸಿದ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಕೂಡ ಯುದ್ಧ ಕಂಡವರೇ, ಎರಡೂ ಮಹಾಯುದ್ಧಗಳಲ್ಲಿ ಕಾದಿದ ಫಿರಂಗಿ ದಳದ ಅಧಿಕಾರಿ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ: ಅಶೋಕನ ಈ ಮೂರು ಶಾಸನಗಳನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದರು. ಕಳಿಂಗ ಯುದ್ಧದ ಸುದ್ದಿ ಇವುಗಳಲ್ಲಿ ಇಲ್ಲ. ಬ್ರಹ್ಮಗಿರಿಯದು ಸುವರ್ಣಗಿರಿಯ ರಾಜಕುಮಾರ ಇಸಿಲ ಎಂಬ ಊರಿನ ಮಹಾಮಾತ್ರರ (ಅಧಿಕಾರಿಗಳ) ಆರೋಗ್ಯ ವಿಚಾರಿಸುವುದರಿಂದ ಶುರುವಾಗುತ್ತದೆ, ಅಪ್ಪಣೆಯೆಲ್ಲ ಆಮೇಲೆ. ಶಾಸನ ಬರೆದ ಚಪಡ ಕೊನೆಗೆ ತನ್ನ ಹೆಸರು ಹಾಕಿ, ‘ಲಿಪಿಕಾರ’ ಎಂಬುದನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಇಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದರೋ!