ಮಲೇರಿಯಾ ಸೋಂಕಿನಲ್ಲಿ ರೋಗನಿರೋಧಕ ಕೋಶಗಳ ಗ್ರಾಹಕಗಳ ಪಾತ್ರ

ದಡಾರ ಒಮ್ಮೆ ಬಂದು ಹೋದ ಮಗುವಿಗೆ ಮತ್ತೆ ಆ ರೋಗ ತಗಲುವುದು ಅಪರೂಪ. ಮಲೇರಿಯಾದ ವಿಷಯದಲ್ಲಿ ಹೀಗಾಗುವುದಿಲ್ಲ. ಮಲೇರಿಯಾ ನೆಲೆಯೂರಿದ ಪ್ರದೇಶಗಳಲ್ಲಿ ಹುಟ್ಟಿ ಬೆಳೆಯುವ ಮಕ್ಕಳು ಮತ್ತೆ ಮತ್ತೆ ಈ ಜ್ವರಕ್ಕೆ ತುತ್ತಾಗುತ್ತಾರೆ. ಪ್ರಾಯಕ್ಕೆ ಬರುವ ಹೊತ್ತಿಗೆ ಅವರಲ್ಲಿ ರೋಗದ ತೀವ್ರತೆಯನ್ನು ತಡೆದುಕೊಳ್ಳುವ ಶಕ್ತಿ ಬೆಳೆಯುತ್ತದೆಯೇ ಹೊರತು ಸೋಂಕನ್ನೇ ದೂರವಿಡುವ ಶಕ್ತಿ ಬೆಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2023ರಲ್ಲಿ ಜಗತ್ತಿನಾದ್ಯಂತ ಸುಮಾರು 26.3 ಕೋಟಿ ಮಲೇರಿಯಾ ಪ್ರಕರಣಗಳು ಮತ್ತು 5.97 ಲಕ್ಷ ಸಾವುಗಳು ಸಂಭವಿಸಿದವು. ಸಾವುಗಳಲ್ಲಿ ಬಹುಪಾಲು ಆಫ್ರಿಕಾ ಪ್ರದೇಶದವು. ಅಲ್ಲಿ ಸತ್ತವರಲ್ಲಿ ಸುಮಾರು ಮುಕ್ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಹಾಗಾದರೆ ರೋಗನಿರೋಧಕ ಶಕ್ತಿ ಇಷ್ಟು ನಿಧಾನವಾಗಿ, ಇಷ್ಟು ಅಪೂರ್ಣವಾಗಿ ಏಕೆ ಬೆಳೆಯುತ್ತದೆ? ಈ ಪ್ರಶ್ನೆಗೆ ಉತ್ತರದ ಒಂದು ಮುಖ್ಯ ಭಾಗ ರೋಗನಿರೋಧಕ ಕೋಶಗಳ ಗ್ರಾಹಕಗಳಲ್ಲಿ ಅಡಗಿದೆ ಎಂಬುದನ್ನು ಇತ್ತೀಚಿನ ಸಂಶೋಧನೆಗಳು ತೋರಿಸಿಕೊಟ್ಟಿವೆ.

ಗ್ರಾಹಕವೆಂದರೆ ಕೋಶದ ಹೊರಪೊರೆಯ ಮೇಲೆ ಅಥವಾ ಕೋಶದೊಳಗೆ ನೆಲೆಗೊಂಡಿರುವ ಪ್ರೋಟೀನು. ತನಗೆ ಹೊಂದುವ ಅಣು ಬಂದು ಕೂಡಿಕೊಂಡಾಗ ಅದು ಕೋಶದೊಳಕ್ಕೆ ಸಂಕೇತವನ್ನು ರವಾನಿಸುತ್ತದೆ. ಕೆಲವು ಗ್ರಾಹಕಗಳು ಕೋಶವನ್ನು ಪ್ರಚೋದಿಸುತ್ತವೆ. ಕೆಲವು ಅದಕ್ಕೆ ಕಡಿವಾಣ ಹಾಕುತ್ತವೆ. ಈ ಎರಡರ ಸಮತೋಲನವೇ ರೋಗನಿರೋಧಕ ವ್ಯವಸ್ಥೆಯ ಆರೋಗ್ಯದ ಮೂಲ.

ಎಚ್ಚರಿಕೆ ನೀಡುವ ಗ್ರಾಹಕಗಳು

ಪ್ಲಾಸ್ಮೋಡಿಯಂ ಫಾಲ್ಸಿಪ್ಯಾರಂ ಪರಜೀವಿಯು ಕೆಂಪು ರಕ್ತಕಣದೊಳಗೆ ವೃದ್ಧಿಯಾಗಿ, ಸುಮಾರು 48 ಗಂಟೆಗಳಿಗೊಮ್ಮೆ ಅದನ್ನು ಒಡೆದು ಹೊರಬರುತ್ತದೆ. ಆಗ ಪರಜೀವಿಯ ಭಾಗಗಳು ರಕ್ತದಲ್ಲಿ ಚೆಲ್ಲಲ್ಪಡುತ್ತವೆ. ಅವುಗಳಲ್ಲಿ ಜಿಪಿಐ ಎಂಬ ಸಕ್ಕರೆ-ಕೊಬ್ಬಿನ ಸಂಯುಕ್ತವನ್ನು ಮುಖ್ಯವಾಗಿ ಟೋಲ್ ಮಾದರಿಯ 2ನೆಯ ಗ್ರಾಹಕ ಗುರುತಿಸುತ್ತದೆ. ಪರಜೀವಿಯ ಡಿಎನ್‌ಎಯನ್ನು ಕೋಶದ ಒಳಗಿರುವ 9ನೆಯ ಗ್ರಾಹಕ ಗುರುತಿಸುತ್ತದೆ. ಇದರ ಫಲವಾಗಿ ಉರಿಯೂತಕಾರಕ ರಸಾಯನಗಳು ಬಿಡುಗಡೆಯಾಗಿ ಚಳಿಜ್ವರ ಕಾಣಿಸಿಕೊಳ್ಳುತ್ತದೆ. ಮಿತದಲ್ಲಿದ್ದರೆ ಈ ಪ್ರತಿಕ್ರಿಯೆ ಪರಜೀವಿಯನ್ನು ಹತ್ತಿಕ್ಕಲು ನೆರವಾಗುತ್ತದೆ. ಮಿತಿ ಮೀರಿದರೆ ರೋಗಿಯ ಅಂಗಾಂಗಗಳಿಗೇ ಹಾನಿ ಮಾಡುತ್ತದೆ.

ಪ್ರತಿಕಾಯಗಳ ಕೆಲಸಕ್ಕೂ ಗ್ರಾಹಕಗಳು ಬೇಕು. 1961ರಲ್ಲಿ ಕೋಹೆನ್, ಮೆಕ್‌ಗ್ರೆಗರ್ ಮತ್ತು ಕ್ಯಾರಿಂಗ್ಟನ್ ಎಂಬ ಸಂಶೋಧಕರು ಗ್ಯಾಂಬಿಯಾದಲ್ಲಿ ರೋಗನಿರೋಧ ಗಳಿಸಿದ್ದ ವಯಸ್ಕರ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ ಮಲೇರಿಯಾಪೀಡಿತ ಮಕ್ಕಳಿಗೆ ನೀಡಿದಾಗ ಅವರ ರಕ್ತದಲ್ಲಿ ಪರಜೀವಿಗಳ ಸಂಖ್ಯೆ ಕುಸಿಯಿತು. ಪ್ರತಿಕಾಯದ ಒಂದು ತುದಿ ಪರಜೀವಿಯನ್ನು ಅಥವಾ ಸೋಂಕಿತ ಕಣವನ್ನು ಹಿಡಿದರೆ, ಅದರ ಬುಡವು ಭಕ್ಷಕ ಕೋಶಗಳ ಮೇಲಿನ ಎಫ್‌ಸಿ ಗ್ರಾಹಕಕ್ಕೆ ಕೂಡಿಕೊಳ್ಳುತ್ತದೆ. ಹೀಗೆ ಹಿಡಿದುಕೊಟ್ಟದ್ದನ್ನು ಭಕ್ಷಕ ಕೋಶವು ನುಂಗುತ್ತದೆ.

ಕಡಿವಾಣವನ್ನು ಕೈವಶ ಮಾಡಿಕೊಳ್ಳುವ ಪರಜೀವಿ

ದೇಹದ ಬಹುತೇಕ ಕೋಶಗಳ ಮೇಲೆ ಎಚ್‌ಎಲ್‌ಎ ಒಂದನೆಯ ವರ್ಗದ ಅಣುಗಳಿರುತ್ತವೆ. ಇವು ಆ ಕೋಶ ದೇಹದ್ದೇ ಎಂಬುದಕ್ಕೆ ಗುರುತಿನ ಚೀಟಿಗಳಂತೆ. ಸಹಜ ಮಾರಕ ಕೋಶಗಳು ಮತ್ತು ಬಿ ಕೋಶಗಳ ಮೇಲಿರುವ ಎಲ್‌ಐಎಲ್‌ಆರ್‌ಬಿ-1 ಎಂಬ ತಡೆಗ್ರಾಹಕವು ಈ ಗುರುತನ್ನು ಕಂಡೊಡನೆ ಕೋಶದ ಆಕ್ರಮಣವನ್ನು ನಿಲ್ಲಿಸುತ್ತದೆ. ಬಲಿತ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ; ಈ ಗುರುತೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಫಾಲ್ಸಿಪ್ಯಾರಂ ಪರಜೀವಿಯು ತಾನು ಹೊಕ್ಕ ರಕ್ತಕಣದ ಮೈಮೇಲೆ ರಿಫಿನ್ ಎಂಬ ಪ್ರೋಟೀನುಗಳನ್ನು ಪ್ರದರ್ಶಿಸುತ್ತದೆ. ಇವುಗಳನ್ನು ನಿರ್ದೇಶಿಸುವ ಸುಮಾರು 150 ಜೀನುಗಳು ಅದರಲ್ಲಿವೆ. ಕೆಲವು ರಿಫಿನ್‌ಗಳು ಎಲ್‌ಐಎಲ್‌ಆರ್‌ಬಿ-1 ಗ್ರಾಹಕಕ್ಕೆ ಕೂಡಿಕೊಂಡು ಬಿ ಕೋಶ ಮತ್ತು ಸಹಜ ಮಾರಕ ಕೋಶಗಳನ್ನು ತಣ್ಣಗಾಗಿಸುತ್ತವೆ ಎಂದು 2017ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿದರು. ಈ ಗ್ರಾಹಕಕ್ಕೆ ಅಂಟುವ ಗುಣವು ತೀವ್ರ ಮಲೇರಿಯಾ ರೋಗಿಗಳಿಂದ ಪಡೆದ ಸೋಂಕಿತ ಕಣಗಳಲ್ಲಿ ಹೆಚ್ಚಾಗಿ ಕಂಡುಬಂದಿತು. ಇಂತಹ ರಿಫಿನ್ ಎಚ್‌ಎಲ್‌ಎ ಅಣುವನ್ನು ಅನುಕರಿಸಿ ಗ್ರಾಹಕಕ್ಕೆ ಕೂಡಿಕೊಳ್ಳುತ್ತದೆ ಎಂಬುದು 2020ರಲ್ಲಿ ಪ್ರಕಟವಾದ ರಚನಾ ಅಧ್ಯಯನದಿಂದ ಸ್ಪಷ್ಟವಾಯಿತು. ಹೀಗೆ ಪರಜೀವಿಯು ದೇಹದ ಸ್ವಂತ ಕಡಿವಾಣವನ್ನೇ ತನ್ನ ರಕ್ಷಣೆಗೆ ಬಳಸಿಕೊಳ್ಳುತ್ತದೆ.

ದೇಹದ ಪ್ರತಿತಂತ್ರ

ಇದಕ್ಕೆ ಮನುಷ್ಯದೇಹವು ನೀಡಿರುವ ಉತ್ತರ ಇನ್ನೂ ಸೋಜಿಗದ್ದು. ಎಲ್‌ಎಐಆರ್-1 ಎಂಬುದು ಸಾಮಾನ್ಯವಾಗಿ ಕೊಲ್ಯಾಜನ್ ಪ್ರೋಟೀನಿಗೆ ಕೂಡಿಕೊಳ್ಳುವ ಮತ್ತೊಂದು ತಡೆಗ್ರಾಹಕ. ಇದರ ಜೀನು 19ನೆಯ ವರ್ಣತಂತುವಿನಲ್ಲಿದೆ. ಪ್ರತಿಕಾಯದ ಭಾರಸರಪಳಿಯ ಜೀನುಗಳು 14ನೆಯದರಲ್ಲಿವೆ. 2016ರಲ್ಲಿ ಕೀನ್ಯಾದ ಇಬ್ಬರು ದಾನಿಗಳ ರಕ್ತದಲ್ಲಿ ದೊರೆತ ಪ್ರತಿಕಾಯಗಳಲ್ಲಿ ಈ ಗ್ರಾಹಕದ ಒಂದು ಭಾಗವೇ ಸೇರ್ಪಡೆಯಾಗಿತ್ತು. ಅದರಲ್ಲಾದ ಉತ್ಪರಿವರ್ತನೆಗಳಿಂದ ಕೊಲ್ಯಾಜನ್ ಮೇಲಿನ ಒಲವು ಕುಂದಿ, ರಿಫಿನ್‌ಗಳನ್ನು ಹಿಡಿಯುವ ಶಕ್ತಿ ಹೆಚ್ಚಿತ್ತು. ಪರಜೀವಿಯು ಮೋಸಗೊಳಿಸುತ್ತಿದ್ದ ಗ್ರಾಹಕವನ್ನೇ ದೇಹವು ಅದನ್ನು ಹಿಡಿಯುವ ಗಾಳವನ್ನಾಗಿ ಮಾರ್ಪಡಿಸಿಕೊಂಡಂತಾಯಿತು. ಆಫ್ರಿಕಾದ ಮಲೇರಿಯಾ ಪ್ರದೇಶಗಳ ನಿವಾಸಿಗಳಲ್ಲಿ ಶೇ. 5ರಿಂದ 10ರಷ್ಟು ಮಂದಿಯಲ್ಲಿ ಇಂತಹ ಪ್ರತಿಕಾಯಗಳಿವೆ ಎಂದು 2017ರ ಅಧ್ಯಯನವೊಂದು ತಿಳಿಸಿತು. ಎಲ್‌ಐಎಲ್‌ಆರ್‌ಬಿ-1ರ ಭಾಗವನ್ನು ಒಳಗೊಂಡ ಪ್ರತಿಕಾಯಗಳೂ ಮುಂದೆ ಪತ್ತೆಯಾದವು.

2025ರಲ್ಲಿ ಇನ್ನೊಂದು ಎಳೆ ಸೇರಿತು. ಕೆಲವು ರಿಫಿನ್‌ಗಳು ಸಹಜ ಮಾರಕ ಕೋಶದ ಕೆಐಆರ್2ಡಿಎಲ್1 ಎಂಬ ತಡೆಗ್ರಾಹಕಕ್ಕೂ ಕೂಡಿಕೊಳ್ಳುತ್ತವೆ. ಆದರೆ ಅದನ್ನೇ ಹೋಲುವ ಕೆಐಆರ್2ಡಿಎಸ್1 ಎಂಬ ಪ್ರಚೋದಕ ಗ್ರಾಹಕವೂ ಇದೆ. ಅದೇ ರಿಫಿನ್ ಇದಕ್ಕೆ ಕೂಡಿಕೊಂಡಾಗ ಮಾರಕ ಕೋಶ ತಣ್ಣಗಾಗುವ ಬದಲು ಎಚ್ಚೆತ್ತುಕೊಳ್ಳುತ್ತದೆ. ಈ ಪ್ರಚೋದಕ ಗ್ರಾಹಕದ ಜೀನು ಎಲ್ಲರಲ್ಲೂ ಇರುವುದಿಲ್ಲ. ಹೀಗಾಗಿ ಒಂದೇ ಸೋಂಕಿಗೆ ಎಲ್ಲ ವ್ಯಕ್ತಿಗಳ ಮಾರಕ ಕೋಶಗಳೂ ಒಂದೇ ರೀತಿಯಲ್ಲಿ ಪ್ರತಿಕ್ರಿಯಿಸಬೇಕೆಂದಿಲ್ಲ.

ವ್ಯಾಪ್ತಿ ಮತ್ತು ಮಿತಿ

ಈ ಅರಿವಿನ ಪ್ರಯೋಜನವನ್ನು ಲಸಿಕೆಯ ದೃಷ್ಟಿಯಿಂದ ಪರಿಶೀಲಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಶಿಫಾರಸು ಮಾಡಿದ ಆರ್‌ಟಿಎಸ್,ಎಸ್ ಹಾಗೂ 2023ರಲ್ಲಿ ಶಿಫಾರಸು ಮಾಡಿದ ಆರ್21 ಲಸಿಕೆಗಳೆರಡೂ ಪರಜೀವಿಯು ಯಕೃತ್ತನ್ನು ಸೇರುವ ಹಂತವನ್ನು ಗುರಿಯಾಗಿಸಿಕೊಂಡಿವೆ. ಆ ಹಂತವನ್ನು ದಾಟಿ ರಕ್ತಕ್ಕೆ ಬಂದ ಪರಜೀವಿಯ ಮೇಲೆ ಅವು ನೇರವಾಗಿ ಕೆಲಸ ಮಾಡುವುದಿಲ್ಲ. ರಕ್ತಹಂತದ ಲಸಿಕೆಗೆ ಪರಜೀವಿಯ ಮೇಲ್ಮೈ ಪ್ರೋಟೀನುಗಳ ಅಪಾರ ವೈವಿಧ್ಯವೇ ದೊಡ್ಡ ತೊಡಕು. ಆದರೆ ಗ್ರಾಹಕಕ್ಕೆ ಕೂಡಿಕೊಳ್ಳಬೇಕಾದ ರಿಫಿನ್ ತನ್ನ ಆ ಭಾಗವನ್ನು ಮನಬಂದಂತೆ ಬದಲಾಯಿಸಿಕೊಳ್ಳಲಾರದು. ಬದಲಾಯಿಸಿದರೆ ಗ್ರಾಹಕದ ಮೇಲಿನ ಹಿಡಿತ ತಪ್ಪುತ್ತದೆ. ಸಂಶೋಧಕರ ನಿರೀಕ್ಷೆ ಈ ದೌರ್ಬಲ್ಯದ ಮೇಲೆ ನಿಂತಿದೆ.

ಆದರೆ ಈ ತಿಳಿವಳಿಕೆಯನ್ನು ಎಲ್ಲ ಬಗೆಯ ಮಲೇರಿಯಾಕ್ಕೂ ಯಥಾವತ್ತಾಗಿ ಅನ್ವಯಿಸಲಾಗದು. ಕರ್ನಾಟಕದ ಮಂಗಳೂರಿನಂತಹ ಕಡೆ ಹೆಚ್ಚಾಗಿ ಕಂಡುಬಂದಿರುವುದು ಪ್ಲಾಸ್ಮೋಡಿಯಂ ವೈವಾಕ್ಸ್. ಅದರಲ್ಲಿ ರಿಫಿನ್‌ಗಳಿಲ್ಲ. ಅದು ಎಳೆಯ ಕೆಂಪು ರಕ್ತಕಣಗಳನ್ನು ಆಶ್ರಯಿಸುತ್ತದೆ. ಆ ಕಣಗಳ ಮೇಲೆ ಎಚ್‌ಎಲ್‌ಎ ಗುರುತು ಇನ್ನೂ ಉಳಿದಿರುತ್ತದೆ. ಇದರಿಂದಾಗಿ ಮಾರಕ ಟಿ ಕೋಶಗಳು ತಮ್ಮ ಗ್ರಾಹಕದ ಮೂಲಕ ಅವುಗಳನ್ನು ಗುರುತಿಸಿ ಕೊಲ್ಲಬಲ್ಲವೆಂದು 2018ರ ಅಧ್ಯಯನವೊಂದು ತೋರಿಸಿದೆ. ಒಂದು ಪರಜೀವಿಯು ಇಲ್ಲದ ಗುರುತನ್ನು ಅನುಕರಿಸಿ ಬದುಕಿದರೆ, ಇನ್ನೊಂದು ಇರುವ ಗುರುತಿನಿಂದಲೇ ಸಿಕ್ಕಿಬೀಳುತ್ತದೆ. ಆದುದರಿಂದ ಪ್ರತಿಯೊಂದು ಪ್ರಭೇದದ ಸೋಂಕಿನಲ್ಲೂ ಯಾವ ಗ್ರಾಹಕ ಯಾರ ಪಕ್ಷದಲ್ಲಿ ಕೆಲಸ ಮಾಡುತ್ತಿದೆ ಎಂಬುದನ್ನು ಪ್ರತ್ಯೇಕವಾಗಿಯೇ ನಿರ್ಣಯಿಸಬೇಕಾಗುತ್ತದೆ.