ಬಾಡಿಗೆಗಿಲ್ಲದ ದ್ವೀಪ

ಹಾಸನದವರು ಕಡಲು ನೋಡಬೇಕೆಂದರೆ ಶಿರಾಡಿ ಘಾಟಿ ಇಳಿಯಲೇಬೇಕು. ದ್ವೀಪ ಮಾತ್ರ ಊರಿನಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರಿಗೇ ಸಿಗುತ್ತದೆ, ಅದೂ ಮಳೆ ಚೆನ್ನಾಗಿ ಆದ ವರ್ಷ. ಶೆಟ್ಟಿಹಳ್ಳಿಯ ರೋಸರಿ ಚರ್ಚಿನ ಸುತ್ತ ಹೇಮಾವತಿ ಹಿನ್ನೀರು ಏರಿದಾಗ, ಚಾವಣಿಯಿಲ್ಲದ ಆ ಗೋಡೆಗಳೇ ದ್ವೀಪ.

ರಸ್ತೆ ಬಿಟ್ಟು ಇಳಿಜಾರಿಗೆ ತಿರುಗಿದರೆ ಮೊದಲು ಹುಲ್ಲು, ಆಮೇಲೆ ಕೆಸರು, ಆಮೇಲೆ ನೀರು. ಮೀನು ಹಿಡಿಯುವವರೊಬ್ಬರು ತೆಪ್ಪ ತಿರುಗಿಸಿ ತಂದರು. ‘ಮಧ್ಯಕ್ಕೆ ಕೂತ್ಕೊಳಿ ಸಾರ್, ಅಲ್ಲಾಡ್ಬೇಡಿ.’ ಚರ್ಚಿನ ಹತ್ತಿರ ಹೋದಮೇಲೆ ಇನ್ನೊಂದು ಎಚ್ಚರಿಕೆ: ‘ಗೋಡೆ ಮುಟ್ಬೇಡಿ, ಇಟ್ಟಿಗೆ ಸಡಿಲ ಆಗವೆ.’

1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು ಇದು. ಗಾರೆಗೆ ಬೆಲ್ಲ, ಕೋಳಿಮೊಟ್ಟೆ ಬೆರೆಸಿದ್ದರೆಂದು ಊರಿನವರು ಹೇಳುತ್ತಾರೆ. ಹಳೆಯ ಕಟ್ಟಡ ಯಾವುದನ್ನು ಕೇಳಿದರೂ ಈ ಮಾತು ಬರುತ್ತದೆನ್ನಿ. ಗಾರೆ ಉದುರಿದ ಕಡೆ ಇಟ್ಟಿಗೆ ಕೆಂಪಗೆ ಕಾಣುತ್ತದೆ, ಉಳಿದಲ್ಲಿ ಪಾಚಿ ಒಣಗಿ ಕಪ್ಪು. ಕಮಾನಿನ ಕಂಬದ ಮೇಲೆ ಒಂದರ ಕೆಳಗೊಂದು ಅಡ್ಡಗೆರೆಗಳು. ನೀರು ಕೆಲವು ದಿನ ಅಲ್ಲಲ್ಲೇ ನಿಂತು ಇಳಿದ ಗುರುತು. ಕೈಗೆಟಕುವ ಎತ್ತರದಲ್ಲೆಲ್ಲ ಪ್ರೇಮಿಗಳ ಹೆಸರು. ಬೇಸಿಗೆಯಲ್ಲಿ ನಡೆದೇ ಬಂದು ಕೆತ್ತಿದ್ದಾರೆ.

ಈ ಜಾಗದ ವಿಚಿತ್ರವೆಲ್ಲ ಅಲ್ಲೇ ಇದೆ: ದಡ ಒಂದು ಕಡೆ ನಿಲ್ಲುವುದಿಲ್ಲ. ಮಾಲ್ಡೀವ್ಸ್‌ನ ರೆಸಾರ್ಟುಗಳು ನೀರಿನ ಮೇಲೇ ಕಂಬ ನೆಟ್ಟು ಕೋಣೆ ಕಟ್ಟುತ್ತವೆ. ಅಲ್ಲಿ ಉಬ್ಬರ ಇಳಿತದ ಅಂತರ ಒಂದು ಮೀಟರೂ ಬಾರದು. ಇಲ್ಲಿ ಹಾಗೆ ಕಟ್ಟಿದರೆ ಆಶ್ವಯುಜದಲ್ಲಿ ಕಿಟಕಿಯಡಿಗೆ ನೀರು, ಚೈತ್ರದಲ್ಲಿ ಎಮ್ಮೆ! ಹೇಮಾವತಿಗೆ ಕಟ್ಟಿದ, 1979ರಲ್ಲಿ ಮುಗಿದ ಗೊರೂರು ಅಣೆಕಟ್ಟಿನ ಗರಿಷ್ಠ ಮಟ್ಟ 2,922 ಅಡಿ, ತುಂಬಿದರೆ 37 ಟಿಎಂಸಿ. ನಾಲೆಗೆ ಬಿಟ್ಟ ಹಾಗೆಲ್ಲ ದಡ ಹಿಂದಕ್ಕೆ ಸರಿಯುತ್ತದೆ. ಅರಕಲಗೂಡು, ಹೊಳೆನರಸೀಪುರದ ಗದ್ದೆಗಳಿಗೆ, ಎಡದಂಡೆಯಲ್ಲಿ ಚನ್ನರಾಯಪಟ್ಟಣ ದಾಟಿ ತುಮಕೂರಿನ ಕಡೆಗೆ ಹೋಗುವುದು ಇದೇ ನೀರು. ಪ್ರವಾಸಿಗೆ ನೋಟ ಕೆಟ್ಟಿತೆಂದು ಯಾರೂ ತೂಬು ಮುಚ್ಚುವುದಿಲ್ಲ, ಮುಚ್ಚಲೂಬಾರದು.

ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904–1991) ‘ಹಳ್ಳಿಯ ಚಿತ್ರಗಳು’ ಬರೆದಾಗ ಹೇಮಾವತಿ ಬರೀ ಹೊಳೆ. ಅಣೆಕಟ್ಟಿನ ಕೆಳಗೆ, ಅವರ ಊರಿನ ಯೋಗಾನರಸಿಂಹ ದೇವಸ್ಥಾನದ ಹತ್ತಿರ, ಈಗಲೂ ಅದು ಹೊಳೆಯೇ. ಕಟ್ಟೆಯ ಮೇಲ್ಗಡೆ ಹೊಲ, ಮನೆ, ಊರುಗಳು ಮುಳುಗಡೆಯಾದವು. ಶೆಟ್ಟಿಹಳ್ಳಿಯ ಚರ್ಚನ್ನು ಮಾತ್ರ ಎಲ್ಲರೂ ಫೋಟೊ ತೆಗೆಯುತ್ತಾರೆ, ಗೋಡೆ ಎತ್ತರವಿದ್ದದ್ದೇ ಕಾರಣ.

ಚರ್ಚಿನ ಬಳಿ ಉಳಿದುಕೊಳ್ಳಲು ಕೋಣೆಯಿಲ್ಲ, ಹೋಟೆಲೂ ಇಲ್ಲ. ಕುಡಿಯುವ ನೀರನ್ನು ಊರಿಂದಲೇ ತರಬೇಕು. ಈಜುಕೊಳ, ಹುಲ್ಲುಹಾಸು ಬೇಕಾದವರಿಗೆ ಹಾಸನದ ಬೇಲೂರು ರಸ್ತೆಯಲ್ಲಿ ರೆಸಾರ್ಟ್ ಇದೆ, ಉಳಿದವರಿಗೆ ಪೇಟೆಯ ಲಾಡ್ಜುಗಳಿವೆ. ನೀರಲ್ಲಿ ಮುಳುಗಿದ ಚರ್ಚ್ ನೋಡುವ ಆಸೆಯಿದ್ದರೆ ಆಗಸ್ಟಿನಿಂದ ಆಚೆಗೆ ಬನ್ನಿ, ಒಳಗೆ ಓಡಾಡಬೇಕೆಂದರೆ ಬೇಸಿಗೆಗೆ. ಹೊರಡುವ ಮುಂಚೆ ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡಿಕೊಳ್ಳುವುದು ಒಳ್ಳೆಯದು. ಕತ್ತಲಾದ ಮೇಲೆ ತೆಪ್ಪ ಬಿಡುವುದಿಲ್ಲ, ಎಷ್ಟು ಕೊಡುತ್ತೇವೆಂದರೂ.